ಗಾಳಿ ಹಿಡಿದ ಬಟ್ಟಲು

ಗಾಳಿ ಎಳೆಯುವ ಆ ಪಂಪನ್ನು ಚಾಚಾ ಮೊದಲ ಸಲ ನೋಡಿದಾಗ ಹತ್ತಿರ ಬರಲಿಲ್ಲ. ಸ್ಟೂಲಿನಿಂದ ಏಳದೆ, ಕನ್ನಡಕವನ್ನು ಹಣೆಗೆ ಏರಿಸಿಕೊಂಡು, "ಇದು ಬಟ್ಟಲಾ ಹಿಡದೈತಿ ಅಂತ ನಮಗ ಹೆಂಗ ಗೊತ್ತಾಗ್ತೈತಿ?" ಎಂದು ಕೇಳಿದರು.

ನಾನು ಲೇಥಿನ ಪಕ್ಕಕ್ಕೆ ಸಿಕ್ಕಿಸಿದ್ದ ಮೀಟರನ್ನು ತೋರಿಸಿದೆ. "ಈ ಮುಳ್ಳು ಮ್ಯಾಲೆ ಏರಿದ್ರ ಹಿಡದೈತಿ ಅಂತ ಅರ್ಥ."

"ಬಿಟ್ಟಿದ್ದು?"

"ಅದೂ ಇದರಾಗ ಕಾಣ್ತೈತಿ, ಚಾಚಾ. ಮುಳ್ಳು ಇಳೀತೈತಿ."

"ಬಿಟ್ಟ ಮ್ಯಾಲ ಇಳೀತೈತೋ, ಬಿಡೂಕಿಂತ ಮೊದಲೋ?"

ನಕ್ಕು ಮಾತು ತೇಲಿಸಿದೆ. ಚಾಚಾ ನಗಲಿಲ್ಲ.

ಮುಂಬೈನ ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಎರಡನೇ ಮಹಡಿಯಲ್ಲಿ ಅರ್ಧ ಗಾಲಾ, ಅಂದರೆ ಕಾರ್ಖಾನೆ ಕೆಲಸದ ಅರ್ಧ ಮಳಿಗೆ, ಬಾಡಿಗೆಗೆ ಹಿಡಿದು ನಾನು ಮರ ಕಡೆಯುವ ಕೆಲಸ ಶುರುಮಾಡಿ ಆಗ ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಗೋರೆಗಾಂವಿನ ಒಂದು ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಮರದ ಸಾಮಾನುಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೆ. ಟ್ಯೂಬ್‌ಲೈಟಿನ ಕೆಳಗೆ ಕೂತು ಒಂದೊಂದೇ ಡಬ್ಬಿ, ಬಟ್ಟಲು, ತಟ್ಟೆ ಎತ್ತಿ ಸೀಳು, ಹುಳದ ತೂತು, ಅಂಟಿನ ಕಲೆ ಹುಡುಕುವುದು. ಐಬು ಕಂಡರೆ ಕೆಂಪು ಚೀಟಿ ಅಂಟಿಸುವುದು. ಹದಿನೆಂಟು ವರ್ಷ ಅದನ್ನೇ ಮಾಡಿದ್ದೆ. ಮನೆಗೆ ಬಂದರೂ ಚಪಾತಿಯ ಅಂಚಿನಲ್ಲಿ ಸೀಳು ಹುಡುಕುತ್ತೀ ಎಂದು ಗಂಡ ತಮಾಷೆ ಮಾಡುತ್ತಿದ್ದರು. ಇದನ್ನು ಹೇಳುವ ಕಾರಣ ಇಷ್ಟೇ: ನನಗೆ ಐಬು ಕಾಣಲಿಲ್ಲ ಎಂದರೆ ಯಾರೂ ನಂಬಬಾರದು.

ಚಾಚಾನ ಪರಿಚಯವಾದದ್ದು ಆ ಕಂಪನಿಯ ಕೆಲಸದ ಮೇಲೆಯೇ. ವಿಜಯಪುರದ ಕಡೆಯವರು. ಕುರ್ಲಾದಲ್ಲಿ ನಲವತ್ತು ವರ್ಷ ಹೊರಸಿನ ಕಾಲು, ತೊಟ್ಟಿಲ ಗೂಟ, ಲಟ್ಟಣಿಗೆ ಕಡೆದವರು. ರಸ್ತೆ ಅಗಲ ಮಾಡುವಾಗ ಅವರ ಅಂಗಡಿ ಹೋಯಿತು. ನಾನು ಹಳೆಯ ಲೇಥ್, ಚಾಚಾನ ಮಾತಿನಲ್ಲಿ ಖರಾದು, ತಂದಾಗ, "ನನಗ ಕಲಸ್ರಿ ಚಾಚಾ" ಎಂದು ಕೇಳಿಕೊಂಡೆ. ಅಂದಿನಿಂದ ಅವರು ದಿನಾ ಕುರ್ಲಾದಿಂದ ದಾದರ್‌ಗೆ ಬಂದು, ಅಲ್ಲಿ ಗಾಡಿ ಬದಲಿಸಿ, ಹನ್ನೊಂದರ ಹೊತ್ತಿಗೆ ಗಾಲಾ ಸೇರುತ್ತಿದ್ದರು. ಅವರಿಗೆ ಒಂದು ಮೂಲೆ, ಒಂದು ಸ್ಟೂಲು, ಅವರವೇ ಉಳಿಗಳನ್ನು ಇಡಲು ಒಂದು ಹಲಗೆ. ನಡುನಡುವೆ ಅವರ ಸ್ವಂತದ ಲಟ್ಟಣಿಗೆ ಕೆಲಸಕ್ಕೂ ಅದೇ ಲೇಥು.

ಆ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಹೋಟೆಲಿನವರು ಮೂವತ್ತಾರು ಬಟ್ಟಲು ಕೇಳಿದರು. ಮಾವಿನ ಮರ, ಒಂದಡಿ ಅಗಲ. ತಳದಲ್ಲಿ ಒಂದು ಗುರುತೂ ಇರಬಾರದು ಎಂದರು.

ಕಷ್ಟ ಇರುವುದು ಆ ತಳದಲ್ಲೇ. ಬಟ್ಟಲನ್ನು ಕಡೆಯುವಾಗ ಲೇಥಿನ ಚಕ್ ಕಚ್ಚಿ ಹಿಡಿಯಲಿಕ್ಕೆ ತಳದಲ್ಲಿ ಒಂದು ಗುಬುಟು ಬಿಟ್ಟುಕೊಂಡಿರುತ್ತೇವೆ. ಹೊರಮೈ ಒಳಮೈ ಎರಡೂ ಮುಗಿದ ಮೇಲೆ ಆ ಗುಬುಟನ್ನು ತೆಗೆಯಬೇಕು. ಆಗ ಬಟ್ಟಲನ್ನು ಬೋರಲು ಹಾಕಿ ಹಿಡಿಯಬೇಕು. ಯಾವುದರಿಂದ ಹಿಡಿಯುವುದು? ಚಾಚಾ ಒಂದೊಂದು ಬಟ್ಟಲಿನ ಬಾಯಿಗೂ ಸರಿಯಾಗಿ ಕೂರುವಂಥ ಮರದ ಅಚ್ಚು ಕಡೆದು, ಅದಕ್ಕೆ ಬಟ್ಟಲನ್ನು ಬಿಗಿಯಾಗಿ ಒತ್ತಿ ಕೂರಿಸುತ್ತಿದ್ದರು. ಚೆಂದದ ಕೆಲಸ, ಆದರೆ ದಿನಕ್ಕೆ ಎರಡಾದರೆ ಹೆಚ್ಚು. ಇನ್ನೊಂದು ದಾರಿ ಗಾಳಿಯದು. ಅಂಚಿಗೆ ಫೋಮ್ ಅಂಟಿಸಿದ ಒಂದು ಡಬ್ಬಿಯಂಥದ್ದನ್ನು ಲೇಥಿಗೆ ಹಾಕಿ, ಬಟ್ಟಲನ್ನು ಅದರ ಮೇಲೆ ಬೋರಲಿಟ್ಟು, ಹಿಂದಿನಿಂದ ಪಂಪ್ ಹಚ್ಚಿ ಒಳಗಿನ ಗಾಳಿ ಎಳೆದುಬಿಟ್ಟರೆ ಹೊರಗಿನ ಗಾಳಿಯೇ ಬಟ್ಟಲನ್ನು ಒತ್ತಿ ಹಿಡಿಯುತ್ತದೆ. ಮೊಳೆಯಿಲ್ಲ, ಅಂಟಿಲ್ಲ, ಗುರುತಿಲ್ಲ. ಮೊಬೈಲಿನಲ್ಲಿ ಅದನ್ನು ನೋಡಿದಾಗಿನಿಂದ ನನಗೆ ಅದೇ ಧ್ಯಾನವಾಗಿತ್ತು.

ಯಾವ ಪಂಪ್ ಎಂದು ವಿಚಾರಿಸುತ್ತಾ ಹೋದರೆ ಒಬ್ಬೊಬ್ಬರದು ಒಂದೊಂದು ಮಾತು. ಕಡೆಗೆ ಎಲ್ಲ ಮಾತಿನಿಂದ ನನಗೆ ತಿಳಿದದ್ದು ಇಷ್ಟು. ಪಂಪು ಎಷ್ಟು ಜೋರಾಗಿ ಎಳೆಯುತ್ತದೆ ಎನ್ನುವುದು ಒಂದು, ಎಷ್ಟು ಗಾಳಿ ಸಾಗಿಸುತ್ತದೆ ಎನ್ನುವುದು ಇನ್ನೊಂದು. ಗಾಜಿನಂಥ, ಎಲ್ಲೂ ಸೋರದ ವಸ್ತುವಿಗೆ ಮೊದಲನೆಯದು ಸಾಕು. ಮರ ಹಾಗಲ್ಲ. ಅದರ ಮೈಯೆಲ್ಲ ಸಣ್ಣ ಕೊಳವೆ. ಮಾವಿನ ಮರವಂತೂ ಸೋರುತ್ತಲೇ ಇರುತ್ತದೆ. ಸೋರಿದಷ್ಟನ್ನೂ ಎಳೆದು ಹಾಕುತ್ತಲೇ ಇರುವ ಪಂಪ್ ಬೇಕು.

ಇದನ್ನು ಊಟದ ಹೊತ್ತಿಗೆ ಗಂಡನಿಗೆ ವಿವರಿಸುತ್ತಿದ್ದಾಗ ಅವರು ಎದ್ದುಹೋಗಿ ಮಂಚದ ಕೆಳಗಿನಿಂದ ಒಂದು ಚೀಲ ಎಳೆದರು. ಅದರಲ್ಲಿ ಅವರ ವ್ಯಾಕ್ಯೂಮ್ ಪಂಪಿತ್ತು. ನನ್ನ ಗಂಡ ಇಪ್ಪತ್ತು ವರ್ಷ ಎಸಿ ಮೆಕ್ಯಾನಿಕ್ ಆಗಿದ್ದವರು. ಗ್ಯಾಸ್ ತುಂಬುವ ಮುಂಚೆ ತಾಮ್ರದ ಪೈಪಿನಿಂದ ಗಾಳಿ ತೆಗೆಯುವ ಪಂಪು ಅದು. ಕೆಲಸವೆಲ್ಲ ಆ್ಯಪಿನವರ ಪಾಲಾದ ಮೇಲೆ ಅವರು ಗೋರೆಗಾಂವಿನ ಒಂದು ಆಫೀಸ್ ಬಿಲ್ಡಿಂಗಿನಲ್ಲಿ ಮೆಂಟೆನೆನ್ಸ್ ಡ್ಯೂಟಿಗೆ ಸೇರಿದ್ದರು. ಯೂನಿಫಾರ್ಮ್ ಹಾಕಿಕೊಂಡು ಲಿಫ್ಟಿನ ಬಲ್ಬು ಬದಲಿಸುವ ಕೆಲಸ. ಚೀಲ ಮಂಚದ ಕೆಳಗೆ ಸೇರಿ ಮೂರು ವರ್ಷವಾಗಿತ್ತು.

"ಮನ್ಯಾಗ ಐತಿ, ನೀ ಊರೆಲ್ಲ ಹುಡುಕಾಕತ್ತಿ" ಎಂದರು. ಬಟ್ಟೆಯಿಂದ ಅದನ್ನು ಒರೆಸಿದರು. ಎಣ್ಣೆ ಬದಲಿಸಿದರು. ಸ್ವಿಚ್ ಹಾಕಿ, ಪೈಪಿನ ಬಾಯಿಗೆ ಮೀಟರ್ ಹಚ್ಚಿ ತೋರಿಸಿದರು. ಮುಳ್ಳು ಒಂದೇ ಏಟಿಗೆ ತುದಿ ಮುಟ್ಟಿತು. "ನೋಡು! ಇಪ್ಪತ್ತೊಂಬತ್ತು! ಇದಕ್ಕಿಂತ ಇನ್ನೇನ್ ಬೇಕು?"

ಆ ಮುಖದ ಮೇಲಿನ ಸಂತೋಷವನ್ನು ನಾನು ಬಹಳ ದಿನ ನೋಡಿರಲಿಲ್ಲ. ಇದು ಮುಚ್ಚಿದ ಪೈಪಿಗೆ ಮಾಡಿದ್ದು, ಅರ್ಧ ಗಂಟೆ ಓಡಿ ನಿಲ್ಲುವಂಥದ್ದು, ಸೋರುವ ಮರಕ್ಕೆ ಅಲ್ಲ ಎಂಬ ಮಾತು ನಾಲಿಗೆ ತುದಿಗೆ ಬಂತು. "ಬೇಷ್ ಐತ್ರಿ" ಎಂದೆ.

ಮೊದಲ ವಾರದಲ್ಲೇ ಹೆದರಿಸುವಂಥದ್ದು ಒಂದು ನಡೆಯಿತು. ಪರೀಕ್ಷೆಗೆಂದು ಶೀಶಮ್ಮಿನ ಒಂದು ತೆಳು ಬಟ್ಟಲನ್ನು ಹಾಕಿದ್ದೆ. ಶೀಶಂ ಗಟ್ಟಿ ಮರ, ಹೆಚ್ಚು ಸೋರುವುದಿಲ್ಲ. ಮುಳ್ಳು ಸರ್ರನೆ ಮೇಲೇರಿತು. ಲೇಥನ್ನು ಇನ್ನೂ ಶುರುಮಾಡಿರಲಿಲ್ಲ, ನಾನು ಉಳಿ ಎತ್ತಿಕೊಳ್ಳಲು ತಿರುಗಿದ್ದೆನಷ್ಟೆ. ಹಿಂದೆ ಟಪ್ ಎಂದು ಸದ್ದಾಯಿತು. ನೋಡಿದರೆ ಬಟ್ಟಲಿನ ತಳವೇ ಇಲ್ಲ. ಒಡೆದ ಚೂರು ಒಂದೂ ಹೊರಗೆ ಬಿದ್ದಿರಲಿಲ್ಲ, ಎಲ್ಲವೂ ಒಳಗೆ ಸೇರಿದ್ದವು. ಯಾರೋ ಒಳಗೆ ಕೂತು ಮುಷ್ಟಿಯಿಂದ ಎಳೆದುಕೊಂಡ ಹಾಗಿತ್ತು.

ಚಾಚಾ ಎದ್ದು ಬಂದು ಆ ತೂತಿನೊಳಗೆ ನೋಡಿದರು. "ಖರಾದಿನ ಮ್ಯಾಲ ಮರ ಹೊರಗ ಹಾರೂದು ನೋಡೀನಿ. ಒಳಗ ಹೋಗೂದು ನೋಡಿದ್ದಿಲ್ಲ" ಎಂದರು. ಆಮೇಲೆ, "ಇದಕ್ಕ ಎಷ್ಟು ಹಸಿವಿ ಐತಿ ಅಂತ ನಿನಗ ಗೊತ್ತಿಲ್ಲ, ಬೇಟಿ" ಎಂದರು.

ಮಾವಿನ ಬಟ್ಟಲುಗಳದು ಅದರ ತದ್ವಿರುದ್ಧ ಕಥೆ. ಬೆಳಗ್ಗೆ ಮುಳ್ಳು ಇಪ್ಪತ್ತೆರಡರ ಹತ್ತಿರ ನಿಲ್ಲುತ್ತಿತ್ತು. ಒಂದು ತಾಸು ಕಳೆದರೆ ಇಪ್ಪತ್ತು. ಮಧ್ಯಾಹ್ನಕ್ಕೆ ಹದಿನೇಳು. ಸೋರುವ ಗಾಳಿಯನ್ನು ಒಂದೇ ಸಮ ಎಳೆದು ಎಳೆದು ಪಂಪು ಕಾಯುತ್ತಿತ್ತು. ಅದರ ಬಾಯಿಂದ ತೆಳ್ಳಗೆ ಬಿಳಿಯ ಹೊಗೆ ಬರುತ್ತಿತ್ತು. ಅದು ಹೊಗೆಯಲ್ಲ, ಎಣ್ಣೆಯ ಮಂಜು. ಸಂಜೆ ಮನೆಗೆ ಹೋಗಿ ಮುಖ ತೊಳೆದರೆ ಕೈ ಜಾರುತ್ತಿತ್ತು. ಕಿಟಕಿಯ ಸರಳು, ಚಹಾದ ಗ್ಲಾಸು, ಚಾಚಾನ ಕನ್ನಡಕ ಎಲ್ಲದರ ಮೇಲೂ ಒಂದು ಜಿಡ್ಡು, ಆ ಜಿಡ್ಡಿಗೆ ಮರದ ಪುಡಿ ಕೂತು ಕಪ್ಪಾಗುತ್ತಿತ್ತು. ಚಾಚಾ ಕೆಮ್ಮಲು ಶುರುಮಾಡಿದರು. ಕೇಳಿದರೆ ಹವಾಮಾನ ಎನ್ನುತ್ತಿದ್ದರು.

ಇನ್ನೊಂದನ್ನೂ ಗಮನಿಸಿದೆ. ಅವರ ಸ್ಟೂಲು ದಿನದಿಂದ ದಿನಕ್ಕೆ ಸರಿಯುತ್ತಿತ್ತು. ಮೊದಲು ಲೇಥಿನ ಎದುರಿಗಿತ್ತು. ಆಮೇಲೆ ಬಾಗಿಲ ಕಡೆಗೆ ಒಂದು ಮೊಳ. ನಂತರ ಇನ್ನೊಂದು ಮೊಳ. ಜೂನ್ ಬರುವ ಹೊತ್ತಿಗೆ ಬಟ್ಟಲು ತಿರುಗುವ ಸಾಲಿನಿಂದ ಪೂರ್ತಿ ಹೊರಗೆ, ಗೋಡೆಯ ಮೂಲೆಯಲ್ಲಿತ್ತು. ನನಗೆ ಮಾತ್ರ ದಿನಾ ಎರಡು ಸಲ ಹೇಳುತ್ತಿದ್ದರು: "ಅದರ ನೇರಕ್ಕ ನಿಲ್ಲಬ್ಯಾಡ. ಹಿಂದಿನ ಮೊನೆ ಕಡೀತನಕ ಒತ್ತಿ ಇಟ್ಕೊ." ಲೇಥಿನ ಹಿಂದಿನ ಕಡೆ ಒಂದು ಮೊನೆಯಿರುತ್ತದೆ, ಅದು ಬಟ್ಟಲಿನ ತಳವನ್ನು ಒತ್ತಿ ಹಿಡಿದಿರುತ್ತದೆ. ಆದರೆ ಗುಬುಟಿನ ಕೊನೆಯ ಚೂರು ತೆಗೆಯುವಾಗ ಅದನ್ನೂ ಹಿಂದಕ್ಕೆ ಸರಿಸಲೇಬೇಕು. ಆ ಎರಡು ನಿಮಿಷ ಬಟ್ಟಲಿಗೆ ಗಾಳಿಯ ಹೊರತು ಬೇರೆ ಆಸರೆಯಿಲ್ಲ. ಆ ಎರಡು ನಿಮಿಷ ನಾನು ಉಸಿರು ಹಿಡಿದುಕೊಂಡೇ ಉಳಿ ಆಡಿಸುತ್ತಿದ್ದೆ.

ಒಂದು ದಿನ ಗಂಡನಿಗೆ ಹೇಳಿದೆ. "ರೀ, ಪಂಪು ಭಾಳ ಬಿಸಿ ಆಗ್ತೈತಿ."

ಅವರು ಟಿವಿ ನೋಡುತ್ತಿದ್ದವರು ತಿರುಗಲಿಲ್ಲ. "ಪಂಪು ಬಿಸಿ ಆಗ್ದ ಇರ್ತೈತೇನ? ನಲವತ್ತು ಡಿಗ್ರಿ ಬಿಸಲಾಗ ಟೆರೇಸಿನ ಮ್ಯಾಲ ಓಡೈತದು." ಒಂದು ಗಳಿಗೆ ಬಿಟ್ಟು, "ಬ್ಯಾಡಾಗಿದ್ರ ಹೇಳು, ಭಂಗಾರದವ್ಗ ಕೊಟ್ಟ್ ಬಿಡ್ತೀನಿ" ಎಂದರು.

ಗುಜರಿಯವನಿಗೆ ಕೊಡುವ ಮಾತು ಪಂಪಿನ ಬಗ್ಗೆ ಅಲ್ಲ ಎಂದು ನನಗೆ ತಿಳಿಯಿತು. "ಹಂಗೇನಿಲ್ರಿ" ಎಂದೆ.

ಆದರೂ ಮರುದಿನ ಚಾಚಾನ ಜೊತೆ ಕುರ್ಲಾಕ್ಕೆ ಹೋದೆ. ಅಲ್ಲಿ ಹಳೆಯ ಯಂತ್ರಗಳ ಸಾಲು ಅಂಗಡಿಗಳಿವೆ, ಚಾಚಾನಿಗೆ ಎಲ್ಲರೂ ಗೊತ್ತು. ಆಸ್ಪತ್ರೆಯ ಕಫ ಎಳೆಯುವ ಒಂದು ಸಣ್ಣ ಪಂಪು ತೋರಿಸಿದರು. ಅದು ತೀರಾ ಬಡಕಲು. ಆಮೇಲೆ ಅಂಗಡಿಯವನು ಮೂಲೆಯಿಂದ ಒಂದು ದಪ್ಪ, ಬೂದು ಬಣ್ಣದ ಪಂಪನ್ನು ಹೊರಳಿಸಿಕೊಂಡು ಬಂದ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಾಗದದ ಹಾಳೆ ಎತ್ತಲು ಬಳಸಿದ್ದಂತೆ. ಎಣ್ಣೆಯಿಲ್ಲ, ಒಳಗೆ ಕಾರ್ಬನ್ನಿನ ಪಟ್ಟಿಗಳು. "ದಿನ್‌ಭರ್ ಚಲೇಗಾ, ಮ್ಯಾಡಮ್. ಯೇ ಬನಾ ಹೀ ಹೈ ದಿನ್‌ಭರ್ ಕೆ ಲಿಯೇ" ಎಂದ. ಇಡೀ ದಿನ ಓಡಲೆಂದೇ ಮಾಡಿದ ಪಂಪು ಎಂದು ಅವನ ಮಾತು. ನಾನು ಚೀಲದಲ್ಲಿ ಒಂದು ಮಾವಿನ ಬಟ್ಟಲು ಒಯ್ದಿದ್ದೆ. ಫೋಮ್ ಇಟ್ಟು ಹಚ್ಚಿ ನೋಡಿದೆವು. ಮುಳ್ಳು ಇಪ್ಪತ್ತಮೂರಕ್ಕೆ ಹೋಯಿತು. ಇಪ್ಪತ್ತೊಂಬತ್ತು ಮುಟ್ಟುವ ಶಕ್ತಿ ಅದಕ್ಕಿರಲಿಲ್ಲ, ಆದರೆ ಅರ್ಧ ತಾಸು ನಿಂತು ನೋಡಿದರೂ ಇಪ್ಪತ್ತಮೂರನ್ನು ಬಿಟ್ಟು ಅಲುಗಲಿಲ್ಲ. ಚಾಚಾ ಬಟ್ಟಲನ್ನು ಎರಡು ಕೈಯಿಂದ ಜಗ್ಗಿದರು. ಬರಲಿಲ್ಲ.

"ಇದು ಹಿಡೀತೈತಿ" ಎಂದರು.

ಅಲ್ಲಿಯೇ ಟೆಂಪೋ ಮಾಡಿ ತರಬಹುದಿತ್ತು. "ಒಂದ್ ವಾರ ಇಟ್ಟಿರ್‍ರಿ, ತಗೊಂಡ್ ಹೋಗ್ತೀವಿ" ಎಂದು ಅಂಗಡಿಯವನಿಗೆ ಹಿಂದಿಯಲ್ಲಿ ಹೇಳಿ ಬಂದೆ. ಹೋಟೆಲಿನ ಬಟ್ಟಲುಗಳಲ್ಲಿ ಒಂಬತ್ತು ಮಾತ್ರ ಉಳಿದಿದ್ದವು. ಅಷ್ಟನ್ನು ಗಂಡನ ಪಂಪಿನಲ್ಲೇ ಮುಗಿಸಿದರೆ, "ನಿಮ್ಮ ಪಂಪಿನ್ಯಾಗ ಇಡೀ ಆರ್ಡರ್ ಆತು" ಎಂದು ಹೇಳಿ, ಆಮೇಲೆ ಮೆಲ್ಲಗೆ ಬೇರೆಯದರ ಮಾತು ತೆಗೆಯಬಹುದು ಎಂದು ಲೆಕ್ಕ ಹಾಕಿದ್ದೆ. ಸ್ಟೇಷನ್ನಿನವರೆಗೆ ಚಾಚಾ ನನ್ನ ಜೊತೆ ನಡೆದು ಬಂದರು.

ಐದನೆಯ ದಿನ, ಮಧ್ಯಾಹ್ನ ಊಟವಾದ ಮೇಲೆ. ಹೊರಗೆ ಮಳೆ ಇನ್ನೂ ಬಿದ್ದಿರಲಿಲ್ಲ, ಆಕಾಶ ಕೆಳಗಿಳಿದು ಬಂದು ಗಾಲಾದೊಳಗೆ ಬೆವರು ಆರದ ಸೆಕೆ. ಪಕ್ಕದ ಗಾಲಾದಲ್ಲಿ ತಗಡು ಒತ್ತುವ ಪ್ರೆಸ್ಸಿತ್ತು. ಅದು ನಾಲ್ಕೈದು ಸೆಕೆಂಡಿಗೊಮ್ಮೆ ಧಡ್ ಎನ್ನುತ್ತಿತ್ತು, ನೆಲ ನಡುಗುತ್ತಿತ್ತು. ಮೂವತ್ತನಾಲ್ಕನೆಯ ಬಟ್ಟಲು ಲೇಥಿನ ಮೇಲಿತ್ತು. ಅದರ ಒಂದು ಬದಿಗೆ ಗಂಟಿತ್ತು, ಗಂಟಿನ ಸುತ್ತ ಕೂದಲಿನಷ್ಟು ಸೀಳು. ಕಂಪನಿಯಲ್ಲಾಗಿದ್ದರೆ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕಿಡುತ್ತಿದ್ದೆ. ಇಲ್ಲಿ ಸೀಳಿನ ಮೇಲೆ ಟೇಪ್ ಒತ್ತಿದೆ. ಮುಳ್ಳು ಹದಿನಾರರಲ್ಲಿತ್ತು, ನಿಂತಲ್ಲೇ ಸಣ್ಣಗೆ ನಡುಗುತ್ತಿತ್ತು.

ಮೊನೆಯನ್ನು ಹಿಂದಕ್ಕೆ ಸರಿಸಿ ಕೊನೆಯ ಚೂರಿಗೆ ಉಳಿ ಹಚ್ಚಿದೆ. ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡಿದ್ದೆ, ಕಣ್ಣು ಉಳಿಯ ತುದಿಯಲ್ಲಿತ್ತು. ಕಾದು ಕಾದು ಪಂಪಿನ ಮೋಟಾರು ತಾನಾಗಿಯೇ ನಿಂತಿದ್ದು ನನಗೆ ಕೇಳಿಸಲಿಲ್ಲ. ಸುಟ್ಟುಹೋಗದಂತೆ ಮೋಟಾರಿನೊಳಗೆ ಒಂದು ಸ್ವಿಚ್ ಇರುತ್ತದೆ, ಅದು ತನ್ನ ಕೆಲಸ ಮಾಡಿತ್ತು. ಲೇಥು ಮಾತ್ರ ತಿರುಗುತ್ತಲೇ ಇತ್ತು.

ಚಾಚಾನಿಗೆ ಕೇಳಿಸಿತ್ತು. ಅಥವಾ ಕಾಣಿಸಿತ್ತು. ನನಗೆ ಕಂಡದ್ದು ಎಡಗಡೆಯಿಂದ ನುಗ್ಗಿ ಬಂದ ಒಂದು ಕೈ. ಅವರು ಮೂಲೆಯಿಂದ ಎದ್ದು ನೇರ ಲೇಥಿನ ಸ್ವಿಚ್ಚಿಗೆ ಕೈ ಚಾಚಿದ್ದರು. ಸ್ವಿಚ್ಚು ಇದ್ದದ್ದು ಬಟ್ಟಲಿನ ಎದುರಿಗೆ. ಅಷ್ಟರಲ್ಲಿ ಬಟ್ಟಲು ಕಳಚಿತು.

ಸದ್ದು ದೊಡ್ಡದೇನಾಗಲಿಲ್ಲ. ಬಟ್ಟಲು ಅವರ ಮುಂಗೈಗೆ ಬಡಿದು, ಕೈಯನ್ನು ಲೇಥಿನ ಕಬ್ಬಿಣಕ್ಕೆ ಅಪ್ಪಳಿಸಿ, ಅಲ್ಲಿಂದ ಗೋಡೆಗೆ ಹೋಗಿ ಎರಡು ಹೋಳಾಯಿತು. ಚಾಚಾ ನೆಲದ ಮೇಲೆ ಕೂತರು. ಬಲಗೈಯನ್ನು ಎಡಗೈಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡು, ಬೇರೆ ಯಾರದೋ ವಸ್ತುವನ್ನು ನೋಡುವ ಹಾಗೆ ನೋಡಿದರು. ಮುಂಗೈ ಬಾಗಬಾರದ ಜಾಗದಲ್ಲಿ ಬಾಗಿತ್ತು.

"ಬಂದ್ ಮಾಡು" ಎಂದರು. ಲೇಥ್ ಇನ್ನೂ ತಿರುಗುತ್ತಿತ್ತು.

ಪಕ್ಕದ ಗಾಲಾದವರು ರಿಕ್ಷಾ ತಂದರು. ಆಸ್ಪತ್ರೆಯಲ್ಲಿ ಎರಡೂ ಎಲುಬು ಮುರಿದಿವೆ, ಆಪರೇಷನ್ ಆಗಬೇಕು, ಪ್ಲೇಟ್ ಹಾಕಬೇಕು ಎಂದರು. ಗಂಡ ಯೂನಿಫಾರ್ಮಿನಲ್ಲೇ ಗೋರೆಗಾಂವಿನಿಂದ ಓಡಿ ಬಂದರು. ಚಾಚಾನ ಮಗನಿಗೆ ಫೋನ್ ಮಾಡಿದ್ದು, ಫಾರ್ಮ್ ತುಂಬಿದ್ದು, ಸ್ಟ್ರೆಚರ್ ತಳ್ಳಿದ್ದು ಎಲ್ಲ ಅವರೇ. ಸಂಜೆ ಇಬ್ಬರೂ ಬೀಗ ಹಾಕಲು ಗಾಲಾಕ್ಕೆ ಬಂದಾಗ ಅವರು ಪಂಪಿನ ಮುಂದೆ ಕುಕ್ಕುರುಗಾಲಲ್ಲಿ ಕೂತು ಎಣ್ಣೆಯ ಗಾಜಿನೊಳಗೆ ನೋಡಿದರು. ಎಣ್ಣೆ ಕಪ್ಪಾಗಿ, ಮರದ ಪುಡಿ ಸೇರಿ ಗಂಜಿಯಂತಾಗಿತ್ತು. ಅವರಿಗೆ ಯಾರೂ ವಿವರಿಸಬೇಕಿರಲಿಲ್ಲ.

"ದಿನಾ ಹಿಂಗ ಆಗ್ತಿತ್ತೇನ?"

"ಹೂಂ."

"ಮತ್ಯಾಕ ಹೇಳ್ಲಿಲ್ಲ?"

ಹೇಳಿದ್ದೆ ಎನ್ನಬಹುದಿತ್ತು. ಒಮ್ಮೆ ಹೇಳಿ, ಅವರ ಮುಖ ನೋಡಿ ನುಂಗಿಕೊಂಡದ್ದನ್ನು ಹೇಳಿದ್ದೆಂದು ಕರೆಯಲು ನನಗೇ ಮನಸ್ಸಾಗಲಿಲ್ಲ. ಅವರು ಪಂಪಿನ ವೈರು ಕಿತ್ತು ಸುತ್ತಿಟ್ಟರು. ಆಮೇಲೆ, "ಕುರ್ಲಾದಾಗ ನೋಡಿ ಬಂದಿಯಂತಲ್ಲ, ಚಾಚಾನ ಮಗ ಅಂದ. ನಾಳೆ ಅದನ್ನ ತರೂಣು" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಬೂದು ಬಣ್ಣದ ಪಂಪನ್ನು ಅವರೇ ಕೂರಿಸಿಕೊಟ್ಟರು. ಧೂಳು ಹೋಗದಂತೆ ಫಿಲ್ಟರ್ ಹಾಕಿದರು. ಪಂಪಿಗೂ ಲೇಥಿಗೂ ನಡುವೆ ಹಳೆಯ ಕಂಪ್ರೆಸರಿನ ಒಂದು ಟ್ಯಾಂಕ್ ಇಟ್ಟು, ಗಾಳಿ ಹಿಂದಕ್ಕೆ ಬರದಂಥ ವಾಲ್ವ್ ಹಚ್ಚಿದರು. ಕರೆಂಟು ಹೋದರೂ ಪಂಪು ನಿಂತರೂ ಲೇಥನ್ನು ನಿಲ್ಲಿಸುವಷ್ಟು ಹೊತ್ತು ಬಟ್ಟಲು ಹಿಡಿದಿರುತ್ತದೆ. ಮುಳ್ಳು ಹದಿನೆಂಟಕ್ಕಿಂತ ಕೆಳಗಿಳಿದರೆ ಕೂಗುವ ಒಂದು ಬಜರ್ ಕೂಡ ಇಟ್ಟರು. ತಮ್ಮ ಪಂಪನ್ನು ಏನು ಮಾಡಿದರೋ ಹೇಳಲಿಲ್ಲ. ಮಂಚದ ಕೆಳಗೆ ಈಗ ಆ ಚೀಲವಿಲ್ಲ.

ಚಾಚಾನ ಎಲುಬು ಕೂಡಿಕೊಂಡಿತು. ಆದರೆ ಕೊನೆಯ ಎರಡು ಬೆರಳು ಮಡಚಲಿಲ್ಲ. ಎರಡು ಬೆರಳು ಮಡಚದಿದ್ದರೆ ಉಳಿ ಕೈಯಲ್ಲಿ ನಿಲ್ಲುವುದಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ದಿನ ಮಗನ ಜೊತೆ ಗಾಲಾಕ್ಕೆ ಬಂದರು. ಮಗ ಕೆಳಗೆ ಚಹಾ ತರಲು ಹೋದ. ಚಾಚಾ ಹೊಸ ಪಂಪನ್ನು ಸುತ್ತಿ ನೋಡಿ, ವಾಲ್ವ್ ನೋಡಿ, "ನಿನ್ನ ಗಂಡ ಛಲೋ ಮಿಸ್ತ್ರಿ" ಎಂದರು. ಆಮೇಲೆ ಕೂತುಕೊಂಡರು.

ನಾನು ತಿಂಗಳುಗಟ್ಟಲೆ ತಲೆಯಲ್ಲಿ ಆಡಿಸಿಕೊಂಡಿದ್ದ ಮಾತನ್ನು ಹೇಳಿದೆ. "ಚಾಚಾ, ಅದು ಬಿಡ್ತೈತಿ ಅಂತ ನನಗ ಮೊದಲ ಗೊತ್ತಿತ್ತು. ಗಂಡನ ಮನಸ್ಸು ಮುರೀಬಾರ್ದಂತ ಸುಮ್ಮನಿದ್ದೆ."

ಅವರು ಮಡಚದ ಬೆರಳುಗಳನ್ನು ಎಡಗೈಯಿಂದ ನೀವಿಕೊಳ್ಳುತ್ತಿದ್ದರು. "ನನಗೂ ಗೊತ್ತಿತ್ತು, ಬೇಟಿ" ಎಂದರು. "ಕುರ್ಲಾದಾಗ ನೀ ಒಂದ್ ವಾರ ಅಂದಾಗ, ಇವತ್ತ ಒಯ್ಯೂಣು ಅಂತ ನಾ ಹಟ ಹಿಡೀಬೇಕಿತ್ತು. ಈ ಮುದುಕ ಭಾಳ ಮಾತಾಡ್ತಾನ ಅಂತ ನಿನಗ ಬ್ಯಾಸರಾದ್ರ, ಈ ಮೂಲೀನೂ ಹೋಗ್ತೈತಿ ಅಂತ ಹೆದರಿದೆ."

ಆ ಮೂಲೆ ಅವರಿಗೆ ಅಷ್ಟು ಮುಖ್ಯವೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನಾನೇ ಅವರ ಉಪಕಾರ ಪಡೆಯುತ್ತಿದ್ದೇನೆ ಎಂದುಕೊಂಡಿದ್ದೆ. "ಮೂಲಿ ನಿಮ್ಮದ ಐತಿ ಚಾಚಾ" ಎಂದೆ.

"ಇರಲಿ" ಎಂದರು. ಮಗ ಚಹಾ ತಂದ. ಕುಡಿದು, ಹಲಗೆಯ ಮೇಲಿದ್ದ ತಮ್ಮ ಉಳಿಗಳನ್ನು ಒಂದೊಂದಾಗಿ ನೋಡಿ, ಎರಡನ್ನು ಮಾತ್ರ ಚೀಲಕ್ಕೆ ಹಾಕಿಸಿಕೊಂಡರು. ಉಳಿದವನ್ನು ನೀನೇ ಬಳಸು, ತುಕ್ಕು ಹಿಡಿಸಬೇಡ ಎಂದರು. ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿಯಲು ಬಲಗೈ ಚಾಚಿ, ನೆನಪಾಗಿ ಹಿಂದಕ್ಕೆ ತೆಗೆದುಕೊಂಡು, ಮಗನ ಹೆಗಲ ಮೇಲೆ ಎಡಗೈ ಇಟ್ಟರು. ಇಬ್ಬರೂ ಕೆಳಗಿಳಿದು ಗೇಟು ದಾಟುವವರೆಗೆ ನಾನು ಕಿಟಕಿಯಲ್ಲಿ ನಿಂತಿದ್ದೆ. ಅದಾದ ಮೇಲೆ ಅವರು ಗಾಲಾಕ್ಕೆ ಬಂದಿಲ್ಲ.